ಹೆಸ್ಕಾಂ ಲೈನಿಗೆ ಜೋಡಿಸಬೇಕೋ, ಬ್ಯಾಟರಿ ಇಡಬೇಕೋ? ನಮ್ಮ ಕಡೆ ಮನೆಗಳಿಗೆ ಸೋಲಾರ್ ಆರಿಸುವಾಗ

ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದೂವರೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಮಾಳಿಗೆ ಮೇಲೆ ಆರು ಪ್ಯಾನೆಲ್ ಕೂರಿಸಿ ಹದಿನೈದು ದಿನ ಆಗಿತ್ತು. ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೇಳಿದಳು: ‘ಹೊರಗ ಇಷ್ಟು ಬಿಸಲು ಬಿದ್ದೈತಿ. ಮ್ಯಾಲ ಸೋಲಾರ್ ಹಾಕಸೀವಿ. ಫ್ಯಾನ್ ಯಾಕ ತಿರಗವಲ್ದು?’

ಉತ್ತರ ನನಗೆ ಗೊತ್ತಿತ್ತು. ಹಾಕಿಸುವ ಮೊದಲೇ ಅವ್ವನಿಗೆ ಹೇಳಬೇಕಿತ್ತು, ಹೇಳಿರಲಿಲ್ಲ. ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಲೈನಿನ ಕರೆಂಟನ್ನು ನೋಡಿಕೊಂಡೇ ಕೆಲಸ ಮಾಡುತ್ತದೆ. ಲೈನ್ ಸತ್ತ ಕೂಡಲೇ ಅದೂ ಬಂದ್ ಆಗುತ್ತದೆ. ಹಾಗೆ ಆಗಲೇಬೇಕು. ಇಲ್ಲದಿದ್ದರೆ ಕರೆಂಟ್ ತೆಗೆದು ಕಂಬ ಹತ್ತಿದ ಲೈನ್‌ಮನ್ ಕೈಗೆ ನಮ್ಮ ಮಾಳಿಗೆಯಿಂದ ಕರೆಂಟ್ ಹರಿಯುತ್ತದೆ. ಅವನ ಜೀವಕ್ಕಾಗಿ ಇರುವ ವ್ಯವಸ್ಥೆ ಅದು.

ಅವ್ವನ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ. ನಿಮಗೆ ಬೇಕಾಗಿರುವುದು ಕಡಿಮೆ ಲೈಟ್ ಬಿಲ್ಲೋ, ಕರೆಂಟ್ ಹೋದಾಗಲೂ ಉರಿಯುವ ದೀಪವೋ? ಎರಡೂ ಬೇರೆ ಬೇರೆ. ಎರಡಕ್ಕೂ ಬೇರೆ ಸಾಮಾನು, ಬೇರೆ ಖರ್ಚು. ಬಾಗಿಲಿಗೆ ಬರುವ ಏಜೆಂಟರು ಇವೆರಡನ್ನೂ ಒಂದೇ ಮಾತಿನಲ್ಲಿ ಕಲಸಿಬಿಡುತ್ತಾರೆ.

ನಮ್ಮ ಮನೆಗೆ, ಬೆಳಗಾವಿಯ ಅಕ್ಕನ ಮನೆಗೆ, ಇಂಡಿ ತಾಲೂಕಿನ ಸೋದರಮಾವನ ತೋಟದ ಮನೆಗೆ, ಮೂರಕ್ಕೂ ಲೆಕ್ಕ ಹಾಕಿ ನೋಡಿದ್ದೇನೆ. ಮೂರಕ್ಕೂ ಉತ್ತರ ಬೇರೆಯೇ ಬಂತು.

ದಾರಿಗಳು ಯಾವುವು

ಆನ್‌-ಗ್ರಿಡ್, ನೆಟ್ ಮೀಟರ್. ಹಗಲು ತಯಾರಾದ ಕರೆಂಟ್ ಮೊದಲು ಮನೆಗೆ ಹೋಗುತ್ತದೆ. ಉಳಿದದ್ದು ನಮ್ಮ ಕಡೆಯ ಕರೆಂಟ್ ಕಂಪನಿ ಹೆಸ್ಕಾಂನ ಲೈನಿಗೆ. ರಾತ್ರಿ ಲೈನಿನಿಂದ ವಾಪಸ್ ತೆಗೆದುಕೊಳ್ಳುತ್ತೀರಿ. ಹೋದದ್ದನ್ನೂ ಬಂದದ್ದನ್ನೂ ಒಂದೇ ಮೀಟರ್ ಬೇರೆ ಬೇರೆ ಎಣಿಸುತ್ತದೆ. ಬ್ಯಾಟರಿ ಇಲ್ಲ. ಖರ್ಚು ಎಲ್ಲಕ್ಕಿಂತ ಕಡಿಮೆ.

ಹೈಬ್ರಿಡ್ ಅಂದರೆ ಇದೇ ನೆಟ್ ಮೀಟರ್, ಜೊತೆಗೆ ಬ್ಯಾಟರಿ. ಕರೆಂಟ್ ಹೋದರೆ ಇನ್ವರ್ಟರ್ ಮನೆಯನ್ನು ಲೈನಿನಿಂದ ಬೇರೆ ಮಾಡಿಕೊಂಡು, ಆರಿಸಿಟ್ಟ ಕೆಲವು ಪಾಯಿಂಟುಗಳನ್ನು ನಡೆಸುತ್ತದೆ. ಬಿಸಿಲಿದ್ದರೆ ಪ್ಯಾನೆಲ್‌ಗಳೂ ದುಡಿಯುತ್ತವೆ.

ಆಫ್‌-ಗ್ರಿಡ್‌ನಲ್ಲಿ ಹೆಸ್ಕಾಂ ಸಂಬಂಧವೇ ಇಲ್ಲ. ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್, ಅಷ್ಟೇ.

ಗ್ರಾಸ್ ಮೀಟರ್ ಅಂತ ಇನ್ನೊಂದಿದೆ. ತಯಾರಾದ ಪೂರ್ತಿ ಕರೆಂಟನ್ನು ಕಂಪನಿಗೆ ಮಾರುವುದು, ಮನೆಗೆ ಬೇಕಾದ ಪೂರ್ತಿ ಕರೆಂಟನ್ನು ಎಂದಿನಂತೆ ಕೊಳ್ಳುವುದು. ಇದರ ಮಾತು ಮೊದಲೇ ಮುಗಿಸಿಬಿಡುತ್ತೇನೆ. 2013ರಲ್ಲಿ ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಮಾಳಿಗೆ ಸೋಲಾರಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ದರ ಕೊಟ್ಟಿತ್ತು. ಸಬ್ಸಿಡಿ ತೆಗೆದುಕೊಂಡವರಿಗೆ 7 ರೂಪಾಯಿ 20 ಪೈಸೆ. ಆಗ ಒಪ್ಪಂದ ಮಾಡಿಕೊಂಡವರಿಗೆ 25 ವರ್ಷದ ದರ ಸಿಕ್ಕಿತು. ‘ನಮ್ಮ ಪರಿಚಯದವರು ಕರೆಂಟ್ ಮಾರಿಯೇ ತಿಂಗಳಿಗೆ ಇಷ್ಟು ಎಣಿಸುತ್ತಾರೆ’ ಎಂಬ ಕಥೆಗಳು ಹುಟ್ಟಿದ್ದು ಅಲ್ಲಿಂದ. ಆಮೇಲೆ ಪ್ಯಾನೆಲ್ ಬೆಲೆ ಇಳಿಯಿತು, ದರವೂ ಇಳಿಯುತ್ತ ಬಂತು. ಈಗ ಕಂಪನಿಗೆ ಮಾರುವ ದರ ನಾವು ಕೊಳ್ಳುವ ದರಕ್ಕಿಂತ ತುಂಬಾ ಕಡಿಮೆ. ಸಬ್ಸಿಡಿ ಪಡೆದ ಘಟಕಕ್ಕೆ ಇನ್ನೂ ಕಡಿಮೆ. ಹೀಗಿರುವಾಗ ಮನೆಯವರಿಗೆ ಗ್ರಾಸ್ ಮೀಟರ್ ಯಾಕೆ? ನೆಟ್ ಮೀಟರಿನಲ್ಲಿ ನೀವೇ ಬಳಸಿದ ಒಂದೊಂದು ಯೂನಿಟ್ಟೂ ಕೊಳ್ಳುವ ದರದಷ್ಟು ಉಳಿಸುತ್ತದೆ.

ಮೊದಲು ಹನ್ನೆರಡು ತಿಂಗಳ ಬಿಲ್ ಹರಡಿಕೊಂಡು ಕೂಡಿರಿ

ಒಂದು ತಿಂಗಳ ಬಿಲ್ ನೋಡಿ ನಿರ್ಧಾರ ಮಾಡಬೇಡಿ. ನಮ್ಮ ಕಡೆ ಏಪ್ರಿಲ್-ಮೇ ಬಿಲ್ಲಿಗೂ ಡಿಸೆಂಬರ್ ಬಿಲ್ಲಿಗೂ ಸಂಬಂಧವೇ ಇರುವುದಿಲ್ಲ. ಕೂಲರ್, ಎಸಿ, ದಿನಕ್ಕೆರಡು ಸಲ ಮೋಟಾರ್, ಎಲ್ಲಾ ಬೇಸಿಗೆಯಲ್ಲೇ. ನಮ್ಮ ಮನೆಯ ಹನ್ನೆರಡು ಬಿಲ್ ಕೂಡಿಸಿ ಭಾಗಿಸಿದಾಗ ತಿಂಗಳಿಗೆ ಸರಾಸರಿ 330 ಯೂನಿಟ್ ಬಂತು.

ಇನ್ನು ತಯಾರಾಗುವ ಕಡೆಯ ಲೆಕ್ಕ. ಒಂದು ಕಿಲೋವ್ಯಾಟ್ ಸೋಲಾರಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ಅದು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ ತಿಂಗಳಿಗೆ 120ರ ಆಸುಪಾಸು. ಸರಾಸರಿ ಅನ್ನುವ ಮಾತು ನೆನಪಿರಲಿ. ಬೆಳಗಾವಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನ ಮುಖ ನೋಡುವುದೇ ಅಪರೂಪ. ಆ ತಿಂಗಳುಗಳಲ್ಲಿ ಅರ್ಧಕ್ಕೆ ಇಳಿದರೂ ಗಾಬರಿ ಆಗಬೇಡಿ. ವಿಜಯಪುರ, ಬಾಗಲಕೋಟೆಯವರಿಗೆ ಮಳೆಗಾಲದಲ್ಲೂ ಬಿಸಿಲು ಸಿಗುತ್ತದೆ.

ಹಾಗಂತ ಉರಿಬಿಸಿಲು ಇದ್ದಷ್ಟೂ ಕರೆಂಟ್ ಜಾಸ್ತಿ ಅಂದುಕೊಳ್ಳಬೇಡಿ. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಲೆಕ್ಕ ಅದರೊಳಗಿನ ಬಿಲ್ಲೆಗಳು, ಅಂದರೆ ಸೆಲ್‌ಗಳು, 25 ಡಿಗ್ರಿಯಲ್ಲಿ ಇದ್ದಾಗಿನದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಶೇ. 0.3ರಿಂದ 0.35ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಗಾಳಿಯೇ 40 ದಾಟಿದಾಗ ಪ್ಯಾನೆಲ್ 65ಕ್ಕೆ ಹೋಗುತ್ತದೆ. ಅಲ್ಲಿಗೆ ಶೇ. 12-14 ಹೋಯಿತು. ನಮ್ಮ ಮಾಳಿಗೆ ಮೇಲೆ ಫೆಬ್ರವರಿ, ಮಾರ್ಚ್ ದಿನಗಳೇ ಮೇ ತಿಂಗಳಿಗಿಂತ ಚೆನ್ನಾಗಿ ದುಡಿದವು. ಈಗ ಬರುವ ಟಾಪ್‌ಕಾನ್ ಪ್ಯಾನೆಲ್‌ಗಳು ಹಳೆಯ ಮೋನೊ ಪರ್ಕ್‌ಗಿಂತ ಕಾವನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತವೆ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ನಮ್ಮ ಕಡೆಯವರಿಗೆ ಅದೇ ಇರಲಿ.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಇದ್ದರೆ?

ಬೆಳಗಾವಿಯ ಅಕ್ಕ-ಭಾವ ಇಬ್ಬರೇ ಇರುತ್ತಾರೆ. ತಿಂಗಳಿಗೆ 110 ಯೂನಿಟ್. 2023ರ ಜುಲೈನಿಂದ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಭಾವನಿಗೆ ಯಾರೋ ‘ಕೇಂದ್ರ ಕೊಡೋ 78 ಸಾವಿರ ಸಬ್ಸಿಡಿ ಸುಮ್ನೆ ಬಿಡ್ತೀರಾ?’ ಅಂದಿದ್ದರು. ಅವರು ಮೂರು ಕಿಲೋವ್ಯಾಟ್ ಹಾಕಿಸಲು ಹೊರಟೇಬಿಟ್ಟಿದ್ದರು.

ಫೋನಿನಲ್ಲೇ ಲೆಕ್ಕ ಮಾಡಿದೆವು. ಕಟ್ಟದೇ ಇರುವ ಬಿಲ್ಲಿನಲ್ಲಿ ಉಳಿಸುವುದೇನು? ತಯಾರಾಗುವ 360 ಯೂನಿಟ್‌ನಲ್ಲಿ 250 ಕಡಿಮೆ ದರಕ್ಕೆ ಲೈನಿಗೆ ಹೋಗುತ್ತದೆ. ಹಾಕಿದ ದುಡ್ಡು ತಿರುಗಿ ಬರಲು ಎಷ್ಟು ವರ್ಷ ಬೇಕೋ. ಅಕ್ಕನಿಗೆ ನಿಜವಾದ ಕಷ್ಟ ಇದ್ದದ್ದು ಬೇರೆ ಕಡೆ. ಚಳಿಗಾಲದ ಬೆಳಗಾವಿಯಲ್ಲಿ ಬೆಳಗ್ಗೆ ಬಿಸಿನೀರು. ಕೊನೆಗೆ 100 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿಕೊಂಡು ನೆಮ್ಮದಿಯಾಗಿದ್ದಾರೆ. ಮಳೆಗಾಲಕ್ಕೆ ಗೀಸರ್ ಇದ್ದೇ ಇದೆ.

ಆದರೆ ಗೃಹಜ್ಯೋತಿಯಲ್ಲಿದ್ದೂ 200 ಯೂನಿಟ್‌ನ ಗಡಿಯ ಅಂಚಿನಲ್ಲೇ ನಡೆಯುವ ಮನೆಗಳಿವೆ. ಹತ್ತು ತಿಂಗಳು 170, 180. ಏಪ್ರಿಲ್ ಬಂತು, 215. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಬರೀ 15 ಯೂನಿಟ್‌ನದ್ದಲ್ಲ. ಇಂಥವರು ಕೂಡ ಮೊದಲು ಸೋಲಾರ್ ಅಲ್ಲ, ಫ್ಯಾನ್ ಬದಲಿಸಿ ನೋಡಲಿ. ಹಳೆಯ ಫ್ಯಾನ್ 70-75 ವ್ಯಾಟ್ ತಿಂದರೆ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ತಾಸು ತಿರುಗುವ ಎರಡು ಫ್ಯಾನ್ ಬದಲಿಸಿದರೆ ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ. ಗಡಿ ದಾಟುವುದೇ ನಿಲ್ಲಬಹುದು. ಇನ್ನು ಗೃಹಜ್ಯೋತಿ ಇಟ್ಟುಕೊಂಡೇ ಸೋಲಾರ್ ಹಾಕಿಸುತ್ತೇನೆ ಅನ್ನುವವರು, ಅರ್ಜಿಗೆ ಮೊದಲೇ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ಎಷ್ಟು ಕಿಲೋವ್ಯಾಟ್?

ಮನೆ ಮಾಳಿಗೆಯ ಸೋಲಾರಿಗೆ ಕೇಂದ್ರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. 2026-27ರವರೆಗೆ ಇದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಐದು ಹಾಕಿಸಿ, ಹತ್ತು ಹಾಕಿಸಿ, 78,000 ದಾಟುವುದಿಲ್ಲ. ಆದ್ದರಿಂದ ಎಲ್ಲರ ಬಾಯಲ್ಲೂ ಮೂರು ಕಿಲೋವ್ಯಾಟ್.

ಮೂರನೆಯ ಕಿಲೋವ್ಯಾಟ್ ಎಲ್ಲರಿಗೂ ಬೇಕಾಗಿಲ್ಲ. ಸಬ್ಸಿಡಿ ಗೊತ್ತು ಮಾಡುವಾಗ ಸರ್ಕಾರ ಹಿಡಿದ ಲೆಕ್ಕ ಹೀಗಿತ್ತು: ಎರಡು ಕಿಲೋವ್ಯಾಟ್‌ವರೆಗೆ ತಲಾ 50,000, ಮೂರನೆಯದಕ್ಕೆ 45,000. ಮೊದಲ ಎರಡಕ್ಕೆ ಶೇ. 60, ಮೂರನೆಯದಕ್ಕೆ ಶೇ. 40 ಕೊಡುತ್ತದೆ. ಮಾರುಕಟ್ಟೆಯ ಬೆಲೆ ಇದಕ್ಕಿಂತ ಮೇಲೆಯೇ ಇರುತ್ತದೆ. ನನಗೆ ಬಂದ ಮೂರು ಕೊಟೇಶನ್‌ಗಳು ಮೂರು ಕಿಲೋವ್ಯಾಟ್‌ಗೆ 1,80,000ದಿಂದ 2,10,000ದವರೆಗೆ ಇದ್ದವು. ನಿಮ್ಮ ಮನೆಯ ಸರಾಸರಿ 220 ಯೂನಿಟ್ ಆದರೆ ಎರಡು ಕಿಲೋವ್ಯಾಟ್‌ನಲ್ಲೇ ಮುಗಿಯುತ್ತದೆ. ಮೂರನೆಯದು ತಯಾರಿಸುವ 120 ಯೂನಿಟ್ ಪೂರ್ತಿ ಲೈನಿಗೇ ಹೋಗುತ್ತದೆ. ಮನೆಯಲ್ಲಿ ಬಳಸಿದರೆ ಯೂನಿಟ್‌ಗೆ ಸುಮಾರು 6 ರೂಪಾಯಿ ಉಳಿತಾಯ. ಲೈನಿಗೆ ಹೋದರೆ ಅದರ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ ಎಂದು ನಂಬಿ ಲೆಕ್ಕ ಹಾಕಬೇಡಿ. ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ತರುವ ಯೋಚನೆ ಇದೆ, ಮಗನ ಮದುವೆ ಆದ ಮೇಲೆ ಎಸಿ ಬರುತ್ತದೆ ಅನ್ನುವವರು ಮೂರು ಹಾಕಿಸಿ. ತಪ್ಪಿಲ್ಲ.

ನಮ್ಮ ಮನೆಯ ಲೆಕ್ಕ: 1,95,000 ಕೊಟ್ಟೆವು. 78,000 ಬ್ಯಾಂಕ್ ಖಾತೆಗೆ ವಾಪಸ್ ಬಂತು. ಕೈಯಿಂದ ಹೋದದ್ದು 1,17,000. ತಿಂಗಳಿಗೆ ಸುಮಾರು 2,000 ಉಳಿಯುತ್ತಿದೆ. ಐದು ವರ್ಷದ ಒಳಗೆ ದುಡ್ಡು ತಿರುಗಿ ಬರುತ್ತದೆ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇದೆ.

ಏಜೆಂಟರು ಹೇಳದ ಒಂದು ಖರ್ಚು ಇದೆ. ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಮ್ಮೆಗೆ ಎಷ್ಟು ಕರೆಂಟ್ ಎಳೆಯಬಹುದು ಎಂದು ಕಂಪನಿ ಒಪ್ಪಿದ ಮಿತಿ. ಹಳೆಯ ಮನೆಗಳ ಬಿಲ್ಲಿನಲ್ಲಿ ಅದು ಒಂದು ಕಿಲೋವ್ಯಾಟ್ ಇರುತ್ತದೆ. ಮೂರು ಕಿಲೋವ್ಯಾಟ್ ಸೋಲಾರ್ ಕೂರಿಸಲು ಅದನ್ನೂ ಏರಿಸಬೇಕಾಗುತ್ತದೆ. ಏರಿದ ಮೇಲೆ ನಿಗದಿತ ಶುಲ್ಕ ಪ್ರತಿ ತಿಂಗಳೂ ಏರುತ್ತದೆ. ಅದೀಗ ಕಿಲೋವ್ಯಾಟ್‌ಗೆ ನೂರು ರೂಪಾಯಿ ದಾಟಿದೆ. ಒಂದರಿಂದ ಮೂರಕ್ಕೆ ಹೋದರೆ ತಿಂಗಳಿಗೆ ಇನ್ನೂರಕ್ಕೂ ಜಾಸ್ತಿ. ಸೋಲಾರ್ ಎಷ್ಟೇ ದುಡಿದರೂ ಈ ಶುಲ್ಕ ತಪ್ಪುವುದಿಲ್ಲ. ‘ಬಿಲ್ ಪೂರ್ತಿ ಸೊನ್ನೆ’ ಅನ್ನುವ ಮಾತು ನಂಬುವ ಮೊದಲು ನಿಮ್ಮ ಬಿಲ್ಲಿನ ಈ ಸಾಲು ನೋಡಿ.

2024ರ ಫೆಬ್ರವರಿಯ ಕೇಂದ್ರದ ನಿಯಮ ಒಂದು ಒಳ್ಳೆಯ ಕೆಲಸ ಮಾಡಿದೆ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಗಾಗಿ ಕಾಯಬೇಕಾಗಿಲ್ಲ. ಅರ್ಜಿ ಸರಿಯಾಗಿದ್ದರೆ ಒಪ್ಪಿದಂತೆಯೇ. ಮನೆ ಲೈನ್ ಸಿಂಗಲ್ ಫೇಸ್ ಆಗಿದ್ದರೆ 5 ಕಿಲೋವ್ಯಾಟ್‌ವರೆಗೆ ಸಾಗುತ್ತದೆ, ಮೇಲೆ ಹೋದರೆ ತ್ರೀ ಫೇಸ್ ಬೇಕು.

ಬ್ಯಾಟರಿಯ ಪ್ರಶ್ನೆ

ಅವ್ವನ ಫ್ಯಾನಿಗೆ ಬರೋಣ. ನಾವು ಹೈಬ್ರಿಡ್ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಹಳೆಯ ಯುಪಿಎಸ್ ಇತ್ತು, 150 ಆಂಪಿಯರ್-ಅವರ್ ಬ್ಯಾಟರಿಯದ್ದು. ಅದನ್ನು ಬದಿಗಿಟ್ಟಿದ್ದೆವು. ಸೋಲಾರ್ ಬಂತಲ್ಲ, ಇನ್ನೇಕೆ ಅಂತ. ಎಲೆಕ್ಟ್ರಿಶಿಯನ್ ಕರೆಸಿ ಮತ್ತೆ ಜೋಡಿಸಿದೆವು. ಸೋಲಾರಿನ ವೈರ್ ಮೇನ್ ಬೋರ್ಡಿನ ಕಡೆಗೇ ಬರಬೇಕು. ಯುಪಿಎಸ್ ಅದರ ಆಚೆಗೆ, ದೀಪ-ಫ್ಯಾನಿನ ಸರ್ಕ್ಯೂಟಿಗೆ ಮಾತ್ರ. ಇವೆರಡು ಅದಲು ಬದಲಾಗಬಾರದು. ಯುಪಿಎಸ್ ಕೊಡುವ ಕರೆಂಟನ್ನೇ ಲೈನ್ ಎಂದು ತಿಳಿದು ಸೋಲಾರ್ ಇನ್ವರ್ಟರ್ ಶುರುವಾದರೆ ಎರಡೂ ಕೆಡುತ್ತವೆ. ಅದಕ್ಕೇ ಹೇಳುವುದು, ತಿಳಿದವರ ಕೈಯಲ್ಲೇ ಮಾಡಿಸಿ.

ಆ ಬ್ಯಾಟರಿಯಲ್ಲಿ ಆರಾಮಾಗಿ ತೆಗೆಯಬಹುದಾದದ್ದು ಒಂದು ಯೂನಿಟ್‌ನಷ್ಟು. ಎರಡು ಬಿಎಲ್‌ಡಿಸಿ ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್ ಸೇರಿ 100 ವ್ಯಾಟ್. ಯುಪಿಎಸ್ ತಾನೇ ತಿನ್ನುವುದನ್ನು ಕಳೆದರೆ ಎಂಟು-ಒಂಬತ್ತು ತಾಸು. ಅವ್ವನಿಗೆ ಇಷ್ಟು ಸಾಕು. ನಗರದಲ್ಲಿ ದಿನಕ್ಕೆ ಒಂದು, ಎರಡು ತಾಸು ಕರೆಂಟ್ ಹೋಗುವ ಮನೆಗಳಿಗೆಲ್ಲ ಇದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆನ್‌-ಗ್ರಿಡ್ ಹಾಕಿಸಿ, ಹಳೆಯ ಯುಪಿಎಸ್ ಉಳಿಸಿಕೊಳ್ಳಿ.

ಹಾಗಾದರೆ ಹೈಬ್ರಿಡ್ ಯಾರಿಗೆ? ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಇರುವ ಹಿರಿಯರಿದ್ದರೆ ಎರಡನೇ ಯೋಚನೆ ಬೇಡ. ಕೆಳಗಡೆ ಸಣ್ಣ ದವಾಖಾನೆ ಇಟ್ಟುಕೊಂಡ ಡಾಕ್ಟರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು, ಇವರಿಗೂ ಸರಿ. ಊರಹೊರಗಿನ ಬಡಾವಣೆ, ಗಾಳಿ-ಮಳೆಗೆ ಅರ್ಧ ದಿನ ಕರೆಂಟ್ ಬರುವುದೇ ಇಲ್ಲ ಅನ್ನುವ ಕಡೆಯೂ ಅಷ್ಟೇ. ಹಗಲು ಕರೆಂಟ್ ಹೋದಾಗ ಪ್ಯಾನೆಲ್ ದುಡಿಯುತ್ತಲೇ ಇರುತ್ತವಲ್ಲ, ಆ ಗುಣ ಸಾದಾ ಯುಪಿಎಸ್‌ಗೆ ಇಲ್ಲ. ಐದು ಯೂನಿಟ್‌ನ ಲಿಥಿಯಂ ಬ್ಯಾಟರಿಯಲ್ಲಿ ನಾಲ್ಕು ಯೂನಿಟ್ ಬಳಸಬಹುದು ಅಂತ ಹಿಡಿಯಿರಿ. ಮೂರು ಫ್ಯಾನ್, ದೀಪ, ಟಿವಿ, ಫ್ರಿಜ್ ಸೇರಿ 500 ವ್ಯಾಟ್ ಆದರೆ ಎಂಟು ತಾಸು. ಎಸಿ, ಗೀಸರ್, ನೀರಿನ ಮೋಟಾರನ್ನು ಈ ಬ್ಯಾಟರಿಗೆ ಜೋಡಿಸಬೇಡಿ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ.

ಬ್ಯಾಟರಿಗೆ ಸಬ್ಸಿಡಿ ಇಲ್ಲ. ಪ್ಯಾನೆಲ್ ಲೆಕ್ಕಕ್ಕೆ ಸಿಗುವ 78,000 ಮಾತ್ರ. ಟ್ಯೂಬುಲರ್ ಬ್ಯಾಟರಿ ಅಗ್ಗ, ಆದರೆ ನಾಲ್ಕೈದು ವರ್ಷಕ್ಕೆ ಬದಲಿಸಬೇಕು, ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳುತ್ತಿರಬೇಕು. ಲಿಥಿಯಂ ಹತ್ತು ವರ್ಷದ ಮೇಲೆ ಬಾಳುತ್ತದೆ. ಯಾವುದೇ ಇರಲಿ, ಪತ್ರಾಸ್ ಶೆಡ್ಡಿನ ಕೆಳಗೆ ಇಡಬೇಡಿ. ನಮ್ಮ ಬೇಸಿಗೆಯ ಕಾವು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಮನೆಯೊಳಗೆ ಗಾಳಿಯಾಡುವ, ತಂಪಾದ ಮೂಲೆ ಕೊಡಿ.

ಮಾವನ ತೋಟದ ಮನೆಯ ಮಾತೇ ಬೇರೆ. ನಿಂಬೆ ತೋಟದ ನಡುವೆ ಒಂಟಿ ಮನೆ. ಪಂಪ್‌ಸೆಟ್ ಲೈನಿನ ಮೇಲೆ ಇದೆ. ತ್ರೀ ಫೇಸ್ ಏಳು ತಾಸು, ಅದೂ ಪಾಳಿಯಲ್ಲಿ. ಲೈನೇ ಇಲ್ಲದ ಹೊತ್ತಿನಲ್ಲಿ ನೆಟ್ ಮೀಟರ್ ಏನು ಮಾಡೀತು? ಬಿಸಿಲೆಲ್ಲ ದಂಡ. ಅಲ್ಲಿಗೆ ಒಂದು ಕಿಲೋವ್ಯಾಟ್ ಆಫ್‌-ಗ್ರಿಡ್, ಬ್ಯಾಟರಿ ಜೊತೆಗೆ. ದೀಪ, ಫ್ಯಾನ್, ಮೊಬೈಲ್, ಒಂದು ಟಿವಿ. ರಾತ್ರಿ ಅಂಗಳದಲ್ಲಿ ಬೆಳಕಿದ್ದರೆ ಹಾವು-ಚೇಳಿನ ಭಯ ಇಲ್ಲ, ಮಾವನಿಗೆ ಬೇಕಾದದ್ದು ಅದೇ. ಪಂಪ್‌ಸೆಟ್ಟಿಗೆ ಸೋಲಾರ್ ಬೇಕಾದರೆ ಅದು ಕುಸುಮ್ ಯೋಜನೆ. ಅದಕ್ಕೆ ಅರ್ಜಿಯೂ ಬೇರೆ, ಸಬ್ಸಿಡಿಯೂ ಬೇರೆ. ಎರಡನ್ನೂ ಕೂಡಿಸಬೇಡಿ.

ಮಾಳಿಗೆ

ಮೇಲ್ಮುದ್ದಿ ಮನೆಯ ಮೇಲೆ ಪ್ಯಾನೆಲ್ ಬೇಡ. ಒಂದೊಂದು ದೊಡ್ಡ ಪ್ಯಾನೆಲ್ 28 ಕಿಲೋ ತೂಗುತ್ತದೆ, ಕಬ್ಬಿಣದ ಚೌಕಟ್ಟಿನ ಭಾರ ಬೇರೆ. ಮಣ್ಣಿನ ಮಾಳಿಗೆಗೆ ಬೋಲ್ಟ್ ಹೊಡೆಯಲೂ ಆಗದು. ಬೆಳಗಾವಿಯ ಹೆಂಚಿನ ಮನೆಯವರು ಕೆಳಗಿನ ತೊಲೆ-ಜಂತಿ ಗಟ್ಟಿ ಇದೆಯೇ ಎಂದು ಬಡಿಗೇರರ ಕೈಯಲ್ಲಿ ನೋಡಿಸಿಯೇ ಮುಂದುವರಿಯಿರಿ. ಸ್ಲ್ಯಾಬ್ ಮನೆಗೆ ಚಿಂತೆ ಇಲ್ಲ.

ಸ್ಲ್ಯಾಬ್ ಮೇಲೆ ಎರಡು ಬಗೆಯ ಚೌಕಟ್ಟು. ಮೊಣಕಾಲೆತ್ತರದ್ದು ಒಂದು. ಆಳೆತ್ತರ, ಏಳೆಂಟು ಅಡಿಯದ್ದು ಇನ್ನೊಂದು. ತಗ್ಗಿನದು ಅಗ್ಗ, ಗಾಳಿಗೂ ಗಟ್ಟಿ. ಆದರೆ ನಮ್ಮ ಕಡೆ ಮಾಳಿಗೆ ಅಂದರೆ ಬರೀ ಸೂರಲ್ಲ. ಬೇಸಿಗೆ ರಾತ್ರಿ ಮಲಗುವುದು ಅಲ್ಲೇ. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗುವುದು ಅಲ್ಲೇ. ತಗ್ಗಿನ ಚೌಕಟ್ಟು ಹಾಕಿದರೆ 300 ಚದರ ಅಡಿ ಕೈಬಿಟ್ಟಂತೆ. ಅವ್ವ ಹಟ ಹಿಡಿದು ಎತ್ತರದ್ದೇ ಹಾಕಿಸಿದಳು. ಖರ್ಚು ಸ್ವಲ್ಪ ಜಾಸ್ತಿ ಆಯಿತು. ಈಗ ಪ್ಯಾನೆಲ್ ನೆರಳಿನಲ್ಲಿ ಹೊರಸು ಹಾಕಿದ್ದಾಳೆ. ಕೆಳಗಿನ ಕೋಣೆಯ ಕಾವು ಸಹ ಇಳಿದಿದೆ. ಎತ್ತರ ಮಾಡಿಸುವವರು ಕಂಬಗಳ ಬುಡಕ್ಕೆ ಗಟ್ಟಿ ಕಾಂಕ್ರೀಟ್, ನಡುವೆ ಅಡ್ಡಪಟ್ಟಿ ಕೇಳಿ ಹಾಕಿಸಿಕೊಳ್ಳಿ. ಮುಂಗಾರಿಗೆ ಮೊದಲಿನ ಅಡ್ಡಮಳೆಯ ಬಿರುಗಾಳಿ ಪ್ಯಾನೆಲನ್ನು ಕೆಳಗಿನಿಂದ ಎತ್ತುತ್ತದೆ.

ನೆರಳಿನ ವಿಷಯದಲ್ಲಿ ನಮಗೆ ಪೆಟ್ಟು ಬಿತ್ತು. ಹಾಕಿಕೊಟ್ಟ ಏಜೆನ್ಸಿಯವರು ನೀರಿನ ಟಾಕಿಯ ಪೂರ್ವಕ್ಕೆ ಸಾಲು ಕೂರಿಸಿದರು. ಬೆಳಗ್ಗೆ ಬಂದು ನೋಡಿದ್ದರು, ನೆರಳಿರಲಿಲ್ಲ. ಮಧ್ಯಾಹ್ನ ಮೂರೂವರೆ ಆದ ಮೇಲೆ ಟಾಕಿಯ ನೆರಳು ಒಂದು ಪ್ಯಾನೆಲ್ ಮೇಲೆ ತೆವಳುತ್ತಿತ್ತು. ಪ್ಯಾನೆಲ್‌ಗಳು ಒಂದೇ ಸರದಲ್ಲಿ ಇರುವುದರಿಂದ ಒಂದಕ್ಕೆ ನೆರಳು ಬಿದ್ದರೆ ಇಡೀ ಸಾಲಿಗೆ ಏಟು. ಎಷ್ಟು ಕರೆಂಟ್ ತಯಾರಾಗುತ್ತಿದೆ ಎಂದು ಮೊಬೈಲಿನಲ್ಲಿ ತೋರಿಸುವ ಗೆರೆ ಒಮ್ಮೆಲೇ ಕುಸಿಯುವುದು ಕಾಣುತ್ತಿತ್ತು. ಪ್ಲಂಬರ್ ಕರೆಸಿ ಟಾಕಿಯನ್ನು ಉತ್ತರದ ಬದಿಗೆ ಸರಿಸಿದೆವು. ಕುಸಿತ ನಿಂತಿತು. ನೀವು ಹಾಕಿಸುವ ಮೊದಲು ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ನಾಲ್ಕಕ್ಕೆ, ಮೂರು ಸಲ ಮಾಳಿಗೆ ಹತ್ತಿ ಸುಣ್ಣದಿಂದ ನೆರಳಿನ ಗೆರೆ ಎಳೆಯಿರಿ. ಪಕ್ಕದ ಖಾಲಿ ಪ್ಲಾಟಿನಲ್ಲಿ ನಾಳೆ ಎರಡಂತಸ್ತು ಎದ್ದರೆ ಏನಾಗುತ್ತದೆ ಅಂತಲೂ ನೋಡಿ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್‌ನ ಸವಳು ನೀರು ಹಾಕಿದರೆ ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ನಳದ ಸಿಹಿನೀರು, ಮೆತ್ತನೆಯ ಬಟ್ಟೆ, ಸೂರ್ಯ ಏರುವ ಮೊದಲು. ಕಾದ ಗಾಜಿನ ಮೇಲೆ ತಣ್ಣೀರು ಬೇಡ. ವಿಜಯಪುರ, ಬಾಗಲಕೋಟೆಯ ದೂಳಿಗೆ ಹದಿನೈದು ದಿನಕ್ಕೊಮ್ಮೆ ಬೇಕು. ಬೆಳಗಾವಿಯಲ್ಲಿ ಮಳೆಯೇ ತೊಳೆಯುತ್ತದೆ, ಕೆಳಅಂಚಿನಲ್ಲಿ ಕಟ್ಟುವ ಪಾಚಿ ಮಾತ್ರ ನೋಡಿಕೊಳ್ಳಿ. ಬಾದಾಮಿ ಕಡೆಯವರು ಮಂಗಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ವೈರ್ ಎಲ್ಲೂ ಜೋತಾಡಬಾರದು, ಪೂರ್ತಿ ಪೈಪಿನೊಳಗೆ ಇರಲಿ. ಎರೆ ಭೂಮಿಯ ಊರುಗಳಲ್ಲಿ ಬೇಸಿಗೆಗೆ ನೆಲ ಬಿರುಕು ಬಿಟ್ಟು ಅರ್ಥಿಂಗ್ ಕುಣಿ ಒಣಗುತ್ತದೆ. ಸಿಡಿಲಿನ ಕಾಲವೂ ಅದೇ. ವಾರಕ್ಕೊಂದು ಕೊಡ ನೀರು ಅಲ್ಲಿಗೆ ಹಾಕಿ.

ಕಾಗದ, ಕೊಟೇಶನ್, ಮೀಟರ್

ಕೆಲಸ ನಿಲ್ಲುವುದು ಹೆಚ್ಚಾಗಿ ಹೆಸರಿನಲ್ಲಿ. ಬಿಲ್ ತೀರಿಕೊಂಡ ಅಜ್ಜನ ಹೆಸರಿನಲ್ಲಿ, ಉತಾರ ಅಪ್ಪನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಮಗನದು. ಅರ್ಜಿ ಹಾಕುವ ಮೊದಲು ಆರ್‌.ಆರ್‌. ನಂಬರಿನ ಹೆಸರು ಬದಲಿಸಿಕೊಳ್ಳಿ. ಮರಣ ಪ್ರಮಾಣಪತ್ರ, ಉತಾರ, ಅಣ್ಣ-ತಮ್ಮಂದಿರ ಒಪ್ಪಿಗೆ ಪತ್ರ ಜೋಡಿಸಿಡಿ. ಬಾಕಿ ಬಿಲ್ ಇದ್ದರೆ ತುಂಬಿಬಿಡಿ. ಆಮೇಲೆ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ಹೆಸ್ಕಾಂ ಆರಿಸಿ ಅರ್ಜಿ ಹಾಕುವುದು. ಪಟ್ಟಿಯಲ್ಲಿ ನೋಂದಾಯಿಸಿದ ಏಜೆನ್ಸಿಯಿಂದಲೇ ಕೆಲಸ ಮಾಡಿಸಬೇಕು. ರಬಕವಿ-ಬನಹಟ್ಟಿಯಲ್ಲಿ, ಬೆಳಗಾವಿಯ ವಡಗಾವಿಯಲ್ಲಿ ಒಂದೇ ಮನೆಗೆ ಎರಡು ಮೀಟರ್ ಇರುತ್ತವೆ, ಮನೆಯದು ಮತ್ತು ಮಗ್ಗದ್ದು. ಸಬ್ಸಿಡಿ ಮನೆ ಮೀಟರಿಗೆ ಮಾತ್ರ.

ಕೊಟೇಶನ್‌ನಲ್ಲಿ ಮೂರು ಸಾಲು ಓದಿ. ಪ್ಯಾನೆಲ್ ಡಿಸಿಆರ್ ಹೌದೇ, ಅಂದರೆ ಒಳಗಿನ ಬಿಲ್ಲೆಯೂ ದೇಶದಲ್ಲೇ ಆದದ್ದೇ? ಅಲ್ಲದಿದ್ದರೆ ಸಬ್ಸಿಡಿ ಇಲ್ಲ. ಇನ್ವರ್ಟರ್ ಎಷ್ಟು ಕಿಲೋವ್ಯಾಟ್? ಪ್ಯಾನೆಲ್ ಮತ್ತು ಇನ್ವರ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೇ ಸಬ್ಸಿಡಿ. ಜಿಎಸ್‌ಟಿ ಎಷ್ಟು ಹಿಡಿದಿದ್ದಾರೆ? 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲೆ ಶೇ. 12 ಇದ್ದದ್ದು ಶೇ. 5ಕ್ಕೆ ಇಳಿದಿದೆ. ಹಳೆಯ ಲೆಕ್ಕ ತೋರಿಸಿದರೆ ಹೊಸದು ಬರೆಸಿ. ಐದು ವರ್ಷದ ನಿರ್ವಹಣೆ ಏಜೆನ್ಸಿಯದೇ ಜವಾಬ್ದಾರಿ, ಅದನ್ನೂ ಬರೆಸಿ. ಕೊನೆಯ ಕಂತನ್ನು ಮೀಟರ್ ಕೂತು, ಇನ್ವರ್ಟರ್ ಶುರುವಾದ ಮೇಲೆಯೇ ಕೊಡಿ.

ಹೊಸ ಮೀಟರ್ ಬಂದ ದಿನ ಅದರ ಎರಡೂ ಅಂಕಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಇಂಪೋರ್ಟ್ ಒಂದು, ಎಕ್ಸ್‌ಪೋರ್ಟ್ ಒಂದು. ಆಮೇಲೆ ಪ್ರತಿ ತಿಂಗಳು ರೀಡಿಂಗ್ ದಿನ ಇನ್ನೊಂದು ಫೋಟೊ. ನಮ್ಮ ಮನೆಯ ಒಂದು ತಿಂಗಳು ಹೀಗಿತ್ತು: ಇನ್ವರ್ಟರ್ ತಯಾರಿಸಿದ್ದು 360, ಲೈನಿಗೆ ಹೋದದ್ದು 220, ಲೈನಿನಿಂದ ಬಂದದ್ದು 190. ಮನೆ ಬಳಸಿದ್ದು 360ರಲ್ಲಿ 220 ಕಳೆದು 190 ಕೂಡಿಸಿದರೆ 330. ಬಿಲ್ಲಿನ ಮೇಲೆ ಈ 330 ಎಲ್ಲೂ ಇರುವುದಿಲ್ಲ. ಅಲ್ಲಿರುವುದು 190 ಮತ್ತು 220, ನಮ್ಮ ಪಾಲಿಗೆ 30 ಯೂನಿಟ್ ಜಮಾ, ಕೆಳಗೆ ನಿಗದಿತ ಶುಲ್ಕ. ಭಾವ ಆ ಬಿಲ್ ನೋಡಿ ‘ನಿಮ್ಮ ಮನ್ಯಾಗ 190 ಅಷ್ಟ ಖರ್ಚ ಆಗೈತಲ್ಲ?’ ಅಂದಾಗ ಇಡೀ ಲೆಕ್ಕವನ್ನು ಮತ್ತೆ ಹಾಳೆಯ ಮೇಲೆ ಬರೆದು ತೋರಿಸಿದೆ. ಆ ಹಾಳೆ ಈಗ ನಮ್ಮ ಮೀಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿದೆ. ಬಂದವರೆಲ್ಲ ಓದುತ್ತಾರೆ.